ಕುಂತವರ ಕಿಡಕಿ

ಕಲ್ಲೋಳಿ
೧೨-೧-೧೯೫೮

ಕೌಜಲಗಿಯಾಗ ಮಗಳ ಮನಿಯಾಗಿರೋ ಅತ್ತಿಯವರಿಗೆ ಸೊಸಿ ಕಾಶೆವ್ವನ ಶರಣು.

ಅಡಗಿಮನಿ ಕೆಲಸ ಹಿಡಿಸೇನ್ರಿ. ಇದ್ದ ರೊಕ್ಕದಾಗ ನಿಂತು ಅಡಗಿ ಮಾಡೂ ಕಟ್ಟಿ ಇಲ್ಲಾ ಕಿಡಕಿ, ಒಂದ ಆಗತೈತಿ. ಹೊಗಿಗೆ ನಿಮ್ಮ ಕಣ್ಣು ಉರಿತಾವಂತ ಕಿಡಕಿನ ಇರಲಿ ಅಂದ್ನಿ. ಚೌಕಟ್ಟು ಮುರದ ಚಕ್ಕಡಿ ಕಟಿಗಿದು.

ಗೌಂಡಿ ಉದ್ದಪ್ಪ ನಿಂತು ಗ್ವಾಡಿ ಮ್ಯಾಲ ತನ್ನ ಎದಿಮಟ ಕಿಡಕಿ ಗುರುತು ಹಾಕಿದ. “ರೊಟ್ಟಿ ನಿಂತ ಬಡಿತಾರೇನೋ ಮಾರಾಯಾ?” ಅಂತ ಅವನ್ನ ಒಲಿ ಮುಂದ ಕುಂಡ್ರಿಸಿದ್ನಿ. ಅಲ್ಲಿಂದ ಬರೇ ಗ್ವಾಡಿ ಕಂಡಮ್ಯಾಲ ಗುರುತು ಅಳಿಸಿದ.

ನೀವು ಒಲಿ ಮುಂದ ಕುಂತಂಗ ಕುಂತು, ನೆಲದಿಂದ ಕಣ್ಣಿನಮಟ ಒಂದು ದಾರ ಅಳದು ಬಸ್ಸಿನವನ ಕೈಯಾಗ ಕಳಸ್ರಿ. ನೀವು ಹೋಗೂಮುಂದ ನಾವು ಜಗಳಾಡಿದ ಮಾತು ಇನ್ನ ಬ್ಯಾಡ. ನಾ ನಿಮ್ಮಕಿಂತ ನಾಕ ಬೆರಳು ಎತ್ತರ ಅದೇನಿ, ಬಗ್ಗಿ ನೋಡತೇನಿ.

ದಾರದ ಹಾದಿ ಕಾಯೂ,
ಕಾಶೆವ್ವ