ಕನಕಮ್ಮನ ಸೀಟು

ಸಿಂಧನೂರು
ರವಿವಾರ, ೧೮-೮-೧೯೯೬

ಪ್ರೀತಿಯ ಅಕ್ಕಾ ಕನಕಮ್ಮಾ,

ಹೇಗಿದ್ದೀ? ಹೋಗುವಾಗ ನಿನ್ನ ಮೈ ಕೆಂಡದಂತೆ ಸುಡುತ್ತಿತ್ತಂತೆ. ಆ ಜ್ವರ ಬಿಟ್ಟಿತೋ ಇಲ್ಲವೋ ಎಂದು ನಿನ್ನನ್ನು ಯಾರೂ ಕೇಳಿರಲಿಕ್ಕಿಲ್ಲ. ಆರು ವರ್ಷಕ್ಕೆ ತೀರಿಕೊಂಡ ಅಕ್ಕನಿಗೆ ಹದಿನೆಂಟು ವರ್ಷದ ಮೇಲೆ ಕಾಗದ ಬರೆಯುವ ತಂಗಿ ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಹೋದ ವರ್ಷ ಅವ್ವನೂ ನೀನಿರುವ ಕಡೆಗೇ ಬಂದಳು. ಸಿಕ್ಕಿದ್ದರೆ ಅವಳ ಮೊಣಕಾಲು ಹೇಗಿದೆ ಎಂದು ವಿಚಾರಿಸು. ಇಲ್ಲಿ ಅಪ್ಪ ಗಟ್ಟಿಯಾಗಿದ್ದಾನೆ, ಮಸ್ಕಿ ಕಡೆಯ ಹೊಲ ಬಿಟ್ಟು ನನ್ನ ಮನೆಗೆ ಬಾ ಎಂದರೆ ಬರುವುದಿಲ್ಲ. ನನ್ನ ಯಜಮಾನರು ವೆಂಕೋಬ ಅಂತ, ರೈಸ್ ಮಿಲ್ಲಿನಲ್ಲಿ ಗುಮಾಸ್ತರು. ಅವರು ಮನೆಗೆ ಬಂದರೆ ತೌಡಿನ ವಾಸನೆ ಮೊದಲು ಒಳಗೆ ಬರುತ್ತದೆ. ನನಗೆ ಎಂಟು ತಿಂಗಳ ಹೆಣ್ಣು ಕೂಸಿದೆ. ಅದರ ಹೆಸರನ್ನು ಈ ಕಾಗದದಲ್ಲಿ ಬರೆಯುವುದಿಲ್ಲ, ತಪ್ಪು ತಿಳಿಯಬೇಡ. ನಾನು ನಿದ್ದೆಗೆ ಕಣ್ಣು ಮುಚ್ಚಿ ನಾಲ್ಕು ದಿನವಾಯಿತು.

ನೀನು ಹೋದಾಗ ನನಗೆ ನಾಲ್ಕು ವರ್ಷ. ನಿನ್ನ ಮುಖ ನೆನಪಿಲ್ಲ. ಬಳಪ ಹಿಡಿದ ನಿನ್ನ ಬೆರಳು ನೆನಪಿದೆ. ಪಾಟಿಯ ಮೇಲೆ ಬರೆಯುವುದು ಬಿಟ್ಟು ನನ್ನ ಕೆನ್ನೆಯ ಮೇಲೆ ಗೆರೆ ಎಳೆದು ನಗುತ್ತಿದ್ದೆ. ಸಾಲೆಗೆ ಸೇರಿ ಎರಡೇ ತಿಂಗಳಿಗೆ ನೀನು ಹೋಗಿಬಿಟ್ಟೆ. ಮರುವರ್ಷ ಅಪ್ಪ ನನ್ನ ಕೈ ಹಿಡಿದು ಅದೇ ಸಾಲೆಗೆ ಕರೆದುಕೊಂಡು ಹೋದಾಗ ಮಾಸ್ತರರು ಹಾಜರಿ ಪುಸ್ತಕ ತೆರೆದು, "ಗಿಡ್ಡಪ್ಪ, ಇಕೀಗೆ ಇನ್ನಾ ವಯಸ್ಸು ಆಗಿಲ್ಲ. ದೊಡ್ಡಾಕಿ ಹೆಸರು ನಾ ಇನ್ನಾ ಹೊಡದು ಹಾಕಿಲ್ಲ ನೋಡು. ಅದರಾಗ ಇಕೀನ್ನ ಕುಂದರಸು. ಆಕಿ ಹೆಸರೂ ಉಳೀತೈತಿ, ಇಕಿ ಸಾಲಿನೂ ಆಕ್ಕೈತಿ" ಎಂದರಂತೆ. ಅಪ್ಪ ಅತ್ತು, ಹೆಬ್ಬೆಟ್ಟು ಒತ್ತಿ ಬಂದ. ನಮ್ಮ ಕಡೆ ಅದೇನು ದೊಡ್ಡ ಮಾತಲ್ಲ, ಅಂಥವರು ಊರಿಗೆ ನಾಲ್ಕು ಮಂದಿ ಸಿಗುತ್ತಾರೆ. ಅಂದಿನಿಂದ ನಾನು ಮನೆಯಲ್ಲಿ ಶೇಖಮ್ಮ, ಸಾಲೆಯಲ್ಲಿ ಕನಕಮ್ಮ. ಆದರೆ ಮಾಸ್ತರರು "ಕನಕಮ್ಮ" ಎಂದು ಕೂಗಿದಾಗ ನಾನು "ಹಾಜರ್ ರೀ" ಅನ್ನುವುದಕ್ಕಿಂತ ಒಂದು ಉಸಿರು ಮೊದಲು ಇನ್ನೊಬ್ಬರು ಅಂದಂತೆ ಕೇಳುತ್ತಿತ್ತು. ಬಿ.ಎಸ್ಸಿ. ಕೊನೆಯ ವರ್ಷದವರೆಗೂ ಕೇಳಿತು. ಪಾಸಾದಾಗಲೆಲ್ಲ ಅವ್ವ ಮೊದಲ ಚಿಟಿಕೆ ಸಕ್ಕರೆಯನ್ನು ಗೋಡೆಯ ಮಾಡದಲ್ಲಿ ಇಡುತ್ತಿದ್ದಳು. ನಾನು ಕೈಚಾಚಿದರೆ, "ತಡಿಯಬೇ, ಪಾಸಾದಾಕಿ ಮೊದಲು ತಿನ್ನಲಿ. ನೀ ಪರೀಕ್ಷಾ ಬರದಾಕಿ, ಆಮ್ಯಾಲ" ಎನ್ನುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಮಾಡ ಸ್ವಚ್ಛವಾಗಿರುತ್ತಿತ್ತು. ಇರುವೆ ಇರಬೇಕು ಎಂದುಕೊಳ್ಳುತ್ತಿದ್ದೆ.

ಈಗ ಸುದ್ದಿ ಹೇಳುತ್ತೇನೆ. ಗುಲ್ಬರ್ಗದಲ್ಲಿ ಎಂ.ಎಸ್ಸಿ. ರಸಾಯನಶಾಸ್ತ್ರಕ್ಕೆ ನಿನಗೆ ಸೀಟು ಸಿಕ್ಕಿದೆ. ಹೌದು, ನಿನಗೇ. ಪಟ್ಟಿಯಲ್ಲಿ ಆರನೆಯ ಹೆಸರು, ಕನಕಮ್ಮ ತಂದೆ ಗಿಡ್ಡಪ್ಪ. ಸರ್ಕಾರಿ ಸೀಟು, ಫೀಸಿನ ಬಹುಪಾಲು ಸರ್ಕಾರವೇ ಹೊರುತ್ತದೆ. ಬರುವ ಗುರುವಾರ ಸಂಜೆಯೊಳಗೆ ಕಾಗದಪತ್ರ ಕೊಟ್ಟು ಸೇರದಿದ್ದರೆ ಅದು ಏಳನೆಯವರಿಗೆ ಹೋಗುತ್ತದೆ, ಆಮೇಲೆ ಉಳಿಯುವುದು ಪೇಮೆಂಟ್ ಸೀಟು. ಅದರ ಒಂದು ವರ್ಷದ ಫೀಸಿಗೆ ಇವರ ವರ್ಷದ ಪಗಾರವೂ ಸಾಲದು. "ಸರ್ಕಾರಿ ಸೀಟಾದ್ರ ಗಂಟು ಕಟ್ಟು, ನಾನ ಬಸ್ ಹತ್ತಸ್ತೀನಿ. ಪೇಮೆಂಟ್ ಸೀಟು ಬೇಕಾಗಿದ್ರ ನೀ ಮಿಲ್ಲಿನ ಮಾಲಕನ್ನ ಮದಿವಿ ಆಗಬೇಕಾಗಿತ್ತು" ಎಂದು ಇವರು ನಕ್ಕರು. ಒಳ್ಳೆಯವರು. ಹಾಸ್ಟೆಲಿನಲ್ಲಿ ಕೂಸಿಗೆ ಜಾಗವಿಲ್ಲ. ಅದನ್ನು ಅತ್ತೆಯ ಹತ್ತಿರ ಬಿಡಬೇಕು, ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿದೆ. ಆದರೂ ಹೋಗುತ್ತೇನೆ ಅಕ್ಕಾ. ಓದಿದ್ದನ್ನೆಲ್ಲ ಒಲೆಯ ಮುಂದೆ ಮರೆಯುತ್ತಿದ್ದೇನೆ; ಹೋದ ವಾರ ಬೆಂಜೀನಿನ ಚಿತ್ರ ಬರೆಯಲು ಕೂತರೆ ಕೈಗೆ ಬಂದದ್ದು ರಂಗೋಲಿ.

ಸರ್ಕಾರಿ ಸೀಟಿಗೆ ಆದಾಯದ ಪ್ರಮಾಣಪತ್ರ ಬೇಕು. ರೇಷನ್ ಕಾರ್ಡಿನಲ್ಲಿ ಶೇಖಮ್ಮ, ಮಾರ್ಕ್ಸ್ ಕಾರ್ಡಿನಲ್ಲಿ ಕನಕಮ್ಮ. ಹೆಸರು ಬೇರೆ ಬೇರೆ ಇದೆ, ಹುಟ್ಟಿದ ದಾಖಲೆ ತನ್ನಿ ಎಂದು ಕಚೇರಿಯವರು ಹೇಳಿದರು. ಅದಕ್ಕೇ ಹೋದ ಬುಧವಾರ ಅಪ್ಪನ ಊರಿನ ತಾಲೂಕು ಕಚೇರಿ ಇರುವ ಲಿಂಗಸುಗೂರಿಗೆ ಹೋದೆ. ಹಳೆಯ ಪುಸ್ತಕಗಳನ್ನು ನೋಡಿಕೊಳ್ಳುವವರು ಹುಸೇನಬಾಷಾ ಅಂತ, ವಯಸ್ಸಾದವರು, ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟರು. ಹುಟ್ಟಿನ ಪುಸ್ತಕದಲ್ಲಿ ಕನಕಮ್ಮ ಸಿಕ್ಕಳು. ಆದರೆ ಅದರ ಪಕ್ಕದಲ್ಲಿ ಯಾರೋ ಕೆಂಪು ಮಸಿಯಲ್ಲಿ ಗುರುತು ಹಾಕಿದ್ದರು. ಅವರು ಎದ್ದು ಹೋಗಿ ಸಾವಿನ ಪುಸ್ತಕ ತಂದರು. ಹೆಣ್ಣು, ವಯಸ್ಸು ಆರು, ಜ್ವರ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಈ ಹುಡಿಗಿ ಹೋಗಿ ಹದಿನೆಂಟು ವರ್ಷ ಆತಲ್ಲಮ್ಮ. ಹಂಗಾರ ನೀ ಯಾರು?" ಎಂದರು. ನಾನು ಎಲ್ಲ ಹೇಳಿದ ಮೇಲೆ ಅವರು ಪುಸ್ತಕ ಮುಚ್ಚಿ, "ಮನಿ ಹೆಸರು ಒಂದು, ಸಾಲಿ ಹೆಸರು ಒಂದು ಇರೋ ಮಂದಿ ಬಾಳ ಅದಾರ, ಅಫಿಡವಿಟ್ ಮಾಡಸ್ತಾರ. ಆದ್ರ ನೀ ಇದನ್ನ ಮಾಡಸಬ್ಯಾಡ. ಬದುಕಿದ್ದೋರ ಮುಂದ ಸುಳ್ಳು ಹೇಳಿದ್ರ ಬೈದು ಬಿಡ್ತಾರ. ಸತ್ತೋರು ಬೈಯಂಗಿಲ್ಲಮ್ಮ, ನಂಬತಾರ" ಎಂದರು.

ನಾನು ಕೇಳಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಟೈಪಿನವನ ಮುಂದೆ ಕೂತು ಮಾಡಿಸಿಯೇಬಿಟ್ಟೆ. 'ಕನಕಮ್ಮ ಮತ್ತು ಶೇಖಮ್ಮ ಎಂಬ ಎರಡೂ ಹೆಸರಿನವಳು ಒಬ್ಬಳೇ ಆಗಿದ್ದು, ಬೇರೆ ಯಾರೂ ಇರುವುದಿಲ್ಲ' ಎಂದು ಅದರಲ್ಲಿದೆ. ಎರಡು ಹೆಸರಿನಲ್ಲೂ ಸಹಿ ಬೇಕೆಂದರು. ಕನಕಮ್ಮ ಎಂದು ನೀರು ಹರಿದಂತೆ ಬರೆದೆ. ಶೇಖಮ್ಮ ಎಂದು ಬರೆಯಲು ಹೋದರೆ ಕೈ ನಿಂತಿತು. ಹುಟ್ಟಿದಾಗಿನಿಂದ ಒಂದು ಸಲವೂ ನಾನು ಆ ಹೆಸರು ಬರೆದಿಲ್ಲವೆಂದು ಆಗ ತಿಳಿಯಿತು. ಕೊನೆಗೆ ಬರೆದೆ. ನೋಡಿದರೆ ಅಕ್ಷರ ಒಂದನೇ ಇಯತ್ತೆಯ ಹುಡುಗಿಯದರಂತೆ ಸೊಟ್ಟಗಿತ್ತು.

ಮರುದಿನ ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತಿದ್ದಾಗ ಕೂಸು ಅತ್ತಿತು. ಹಿಟ್ಟಿನ ಕೈ ತೊಳೆಯುವಷ್ಟರಲ್ಲಿ ಸುಮ್ಮನಾಯಿತು. ಹೋಗಿ ನೋಡಿದರೆ ಜೋಲಿ ತೂಗುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಅತ್ತೆ, "ಮತ್ತ್ಯಾಕ ಬಂದಿಯವ್ವಾ? ಈಗಷ್ಟ ತೂಗಿ ಹೋದಿ" ಎಂದರು. ಪೊರೆಯ ಕಣ್ಣು, ಏನೋ ಕಂಡಿರಬೇಕು ಎಂದುಕೊಂಡೆ. ಆದರೆ ಕೂಸಿನ ಕೆನ್ನೆಯ ಮೇಲೆ ಒಂದು ಬಿಳಿ ಗೆರೆ ಇತ್ತು. ಇವರ ಅಂಗಿಯ ತೌಡು ಅನ್ನೋಣವೆಂದರೆ ಇವರು ಮಿಲ್ಲಿನಿಂದ ಬಂದೇ ಇರಲಿಲ್ಲ. ಬೆರಳಿನಿಂದ ಒರೆಸಿ ಮೂಸಿದೆ. ಬಳಪ. ನಮ್ಮ ಮನೆಯಲ್ಲಿ ಬಳಪವಿಲ್ಲ ಅಕ್ಕಾ. ಅಂದಿನಿಂದ ಕೂಸು ನಾನು ಕೈಚಾಚಿದರೆ ನನ್ನ ಸೊಂಟದ ಆಚೆ ನೋಡಿ ನಗುತ್ತದೆ, ನನಗಿಂತ ಕುಳ್ಳಗಿನ ಯಾರನ್ನೋ ನೋಡಿದಂತೆ. ರಾತ್ರಿಯೆಲ್ಲ ಅದರ ಕೆನ್ನೆ ತಡವುತ್ತಾ ಕೂರುತ್ತೇನೆ.

ನೀನು ದೊಡ್ಡವಳೆಂದು ನಮಸ್ಕಾರ ಬರೆಯಲೋ, ಇನ್ನೂ ಆರು ವರ್ಷದವಳೆಂದು ಆಶೀರ್ವಾದ ಬರೆಯಲೋ ತಿಳಿಯದು. ಎರಡನ್ನೂ ತೆಗೆದುಕೋ. ಅವ್ವ ಎತ್ತಿಟ್ಟಿದ್ದ ನಿನ್ನ ಪಾಟಿಚೀಲ ನನ್ನ ಟ್ರಂಕಿನಲ್ಲಿದೆ, ಈ ಕಾಗದವನ್ನು ಅದರಲ್ಲಿ ಇಡುತ್ತೇನೆ.

ಇತಿ,
ನಿನ್ನ ತಂಗಿ

ವಿ.ಸೂ.: ಬರುವ ಬುಧವಾರ ಮುಂಜಾನೆ ಗುಲ್ಬರ್ಗದ ಬಸ್ಸು ಹತ್ತುವವಳು ಕನಕಮ್ಮ. ಹಾಗಾಗಿ ಈ ಮನೆಯಲ್ಲಿ ಶೇಖಮ್ಮ ಅನ್ನುವ ಹೆಸರು ಖಾಲಿ ಬಿದ್ದಿರುತ್ತದೆ. ನಿನ್ನ ಹೆಸರನ್ನು ಹದಿನೇಳು ವರ್ಷ ನಾನಿಟ್ಟುಕೊಂಡೆ, ನನ್ನದನ್ನು ಎರಡು ವರ್ಷ ನೀನಿಟ್ಟುಕೋ. ಕೂಸು ಅತ್ತರೆ ಎತ್ತಿಕೋ, ತೂಗು, ಕೆನ್ನೆಗೆ ಎಷ್ಟು ಬೇಕಾದರೂ ಗೆರೆ ಎಳೆ. ಹೊಸ್ತಿಲು ಮಾತ್ರ ದಾಟಿಸಬೇಡ. ನಿನ್ನ ಕಾಲಿಗೆ ಬೀಳುತ್ತೇನೆ, ಅದನ್ನು ಕರೆದುಕೊಂಡು ಹೋಗಬೇಡ. ಇದನ್ನು ಬರೆಯುತ್ತಿರುವಾಗಲೇ ಒಳಗೆ ಅತ್ತಿತು. ನಾನಿನ್ನೂ ಎದ್ದಿಲ್ಲ, ಸುಮ್ಮನಾಯಿತು.