ಪರದೆಗೆ ಹಚ್ಚಿದ ವಿಭೂತಿ

ಹರಿಹರದ ಗುರುಶಾಂತ ಚಿಕ್ಕಮ್ಮನಿಗೆ, ವಿದ್ಯಾನಗರದಿಂದ ತನುಶ್ರೀಯ ಶರಣು.

ಬೆಳಿಗ್ಗೆ ನಿನ್ನ ಫೋನ್ ಬಂದಾಗಿನಿಂದ ಎದೆ ಹಗುರಾಗಿದೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಫೋನಿನಲ್ಲಿ ನೀನು ಯಾರ ಮಾತನ್ನು ಪೂರ್ತಿ ಕೇಳಿದ್ದೀಯ ಹೇಳು!

ನಿನ್ನ ಲಗ್ನಪತ್ರಿಕೆ ಅಂಗಡಿಯ ಹಳೆಯ ಕಂಪ್ಯೂಟರ್ ಕೈಕೊಟ್ಟಾಗ ನಾನೇ ಟಚ್ ಪರದೆಯ ಹೊಸದನ್ನು ತಂದು ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಟ್ಟೆ. ನಾಲ್ಕು ದಿನ ಚೆನ್ನಾಗಿ ನಡೆಯಿತು. ಸೋಮವಾರ ಬಂತು. ಗಲ್ಲಾಪೆಟ್ಟಿಗೆಗೆ, ಕಟಿಂಗ್ ಮಷೀನಿಗೆ ಹಚ್ಚುವಂತೆ ನೀನು ಪರದೆಗೂ ಮೂರು ಬೆರಳಲ್ಲಿ ವಿಭೂತಿ ಎಳೆದೆ. ಅರ್ಧ ಜೋಡಿಸಿದ್ದ ಪತ್ರಿಕೆ ಮಾಯ! "ಎಲ್ಲಾ ಹೋತು ಕಣೆ ತನು. ಈ ವಯಸ್ಸಿಗೆ ನನಗ್ಯಾಕ ಬೇಕಿತ್ತು ಇದು? ಅಂಗಡೀನೇ ಬ್ಯಾಡ" ಎಂದು ಫೋನಿನಲ್ಲಿ ಕಣ್ಣೀರು ಹಾಕಿದೆ. ಚಿಕ್ಕಪ್ಪ ತೀರಿಕೊಂಡಾಗಲೂ ಆ ಮಾತು ಆಡಿದವಳಲ್ಲ ನೀನು. ನಾನು ಕೂಡಲೇ ಹೊರಟೆ.

ಬಂದು ನೋಡಿದರೆ ಏನೂ ಹೋಗಿರಲಿಲ್ಲ. ಕಂಪ್ಯೂಟರಿನೊಳಗೆ ಅಕ್ಕಪಕ್ಕ ಹಲವು ಪರದೆಗಳಿರುತ್ತವೆ, ಮೂರು ಬೆರಳು ಒಟ್ಟಿಗೆ ಎಳೆದರೆ ಅದು ಪಕ್ಕದ ಖಾಲಿ ಪರದೆಗೆ ಜಾರುತ್ತದೆ. ಪತ್ರಿಕೆ ಹಿಂದಿನದರಲ್ಲೇ ಕೂತಿತ್ತು. ತೋರಿಸಿದರೂ ನಿನ್ನ ಹೆದರಿಕೆ ಹೋಗಲಿಲ್ಲ. ಜಾರುವುದನ್ನೇ ನಿಲ್ಲಿಸಿಬಿಡಬಹುದಿತ್ತು, ನಿಜ. ಆದರೆ ನಿನ್ನ ಹಾಗೆ ಹೆದರಿ ಕೈಬಿಟ್ಟ ಹೊಸಬರು ಇನ್ನೆಷ್ಟು ಜನರೋ! ಆ ಲಿನಕ್ಸನ್ನು ಕಟ್ಟುವ, ಬಿಡುವಿನಲ್ಲಿ ನಾನೂ ದುಡಿಯುವ ಬಳಗಕ್ಕೆ ಬರೆದೆ. "ಪರದೆಗೆ ಬೂದಿ ಹಚ್ಚುವವರು ಎಷ್ಟು ಜನ?" ಎಂದು ಒಬ್ಬ ನಕ್ಕ. ಮೈಯೆಲ್ಲ ಉರಿಯಿತು. ಪರದೆ ಒರೆಸುವವರು ಎಷ್ಟು ಜನ, ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಕೆಲಸ ಮಾಡುವವರು ಎಷ್ಟು ಜನ ಎಂದು ಕೇಳಿದೆ. ಜಗ್ಗಾಡಿ ಜಗ್ಗಾಡಿ ಕೊನೆಗೆ ಒಪ್ಪಿದರು. ಈಗ ಪರದೆ ಜಾರಿದರೆ "ನಿಮ್ಮ ಕೆಲಸ ಪಕ್ಕದ ಪರದೆಯಲ್ಲಿದೆ" ಎಂಬ ಸಾಲು, ಕೆಳಗೆ "ವಾಪಸ್" ಎಂಬ ದೊಡ್ಡ ಗುಂಡಿ. ಕಳೆದ ವಾರ ಅದನ್ನು ನಿನ್ನ ಕಂಪ್ಯೂಟರಿಗೂ ಹಾಕಿ, ಇನ್ನೊಂದು ಸಲ ನೋಡು ಎಂದು ಕಾಡಿ ಬಂದೆ.

ಇವತ್ತು ಸೋಮವಾರ. "ವಿಭೂತಿ ಹಚ್ಚಿದೆ, ಜಾರ್ತು. ಅದೇ ಹೇಳ್ತು, ಒತ್ತಿದೆ, ಬಂತು. ಅದರಾಗೇನೈತೆ?" ಎಂದೆಯಲ್ಲ, ಹುಟ್ಟಿದಾಗಿನಿಂದ ಅದೇ ಕಸುಬಿನವಳ ಹಾಗೆ! ನಿನ್ನ ಗಿರಾಕಿ ಸಾರಥಿಯವರ ಪತ್ರಿಕೆಯನ್ನೂ ಮುಗಿಸಿ ಕೊಟ್ಟೆಯಂತೆ. ಕೇಳಿ ಅಳುವೇ ಬಂತು, ಸಂತೋಷಕ್ಕೆ. ಆದರೂ ಭಾನುವಾರ ಬಂದು ಒಮ್ಮೆ ನೋಡುತ್ತೇನೆ ಎಂದರೆ ಗದರಿದೆ: "ಕಂಪ್ಯೂಟರ್ ನೋಡಾಕೆ ಬರಬ್ಯಾಡ. ನನ್ನ ನೋಡಾಕೆ ಬಾ."

ಬರುತ್ತೇನೆ ಚಿಕ್ಕಮ್ಮ, ಹಸಿದುಕೊಂಡೇ ಬರುತ್ತೇನೆ. ಈ ವರ್ಷದ ಲಗ್ನಗಳೆಲ್ಲ ನಿನ್ನ ಅಂಗಡಿಯ ಮೆಟ್ಟಿಲು ಹತ್ತಿಯೇ ಮುಂದೆ ಹೋಗಲಿ.

ನಿನ್ನ ಮಗಳಂಥವಳು,
ತನು