ನಾಯಿಗಷ್ಟೇ ಆ ಔಷಧವಂತೆ

ಚಂಡೀಗಢ

ಅವ್ವಾ,

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಗದ್ದೆಯ ಕೆಸರಿನಲ್ಲಿ ನಿನ್ನ ಕಾಲ್ಬೆರಳ ಸಂದು ಕೊಳೆಸುವ ಬೂಷ್ಟನ್ನು ಕೊಲ್ಲುವ ರಾಸಾಯನಿಕ ನಮ್ಮ ಲ್ಯಾಬಿನಲ್ಲಿ ಸಿಕ್ಕಿತ್ತಲ್ಲ, ಅದು ಬೂಷ್ಟಿನ ಯಾವ ಪ್ರೋಟೀನಿಗೆ ಅಂಟಿಕೊಂಡು ಕೊಲ್ಲುತ್ತದೆಂದು ಈಗ ಪತ್ತೆಯಾಗಿದೆ. ಇನ್ನು ಔಷಧ ಮಾಡಬಹುದು. ಇವತ್ತು ಕಂಪನಿಯವನೊಬ್ಬ ಬಂದು, ಭತ್ತ ನಾಟಿ ಮಾಡುವ ಹೆಂಗಸರು ಕೊಳ್ಳುವುದಿಲ್ಲ, ಸಾಕುನಾಯಿಗಳ ಚರ್ಮರೋಗಕ್ಕಷ್ಟೇ ಮಾಡೋಣ ಎಂದ. ನನಗೆ ಮೈಯೆಲ್ಲ ಉರಿಯಿತು.

"ನಮ್ಮವ್ವನ ಕಾಲು ನಾಯಿ ಕಾಲಿಗಿಂತ ಕಡಿಮಿ ಐತೇನಲೇ?" ಎಂದು ಕನ್ನಡದಲ್ಲೇ ಕೂಗಿಬಿಟ್ಟೆ.

ಏನಂದೆ ಎಂದು ನಮ್ಮ ಮೇಡಂ ಕೇಳಿದರು. ಇಂಗ್ಲಿಷಿನಲ್ಲಿ ಹೇಳಿದೆ. ಅವರು ಒಪ್ಪಂದಕ್ಕೆ ಸಹಿ ಹಾಕದೆ ಅವನನ್ನು ಎಬ್ಬಿಸಿ ಕಳುಹಿಸಿದರು. ಬೇರೆ ಕಂಪನಿ ಹುಡುಕಬೇಕು, ವರ್ಷಗಳೇ ಹಿಡಿಯುತ್ತವೆ. ಸಿರುಗುಪ್ಪದ ಡಾಕ್ಟರು ಕೊಟ್ಟ ಮುಲಾಮು ಬಿಡಬೇಡ. ಹುಣ್ಣು ಮಾಯುವವರೆಗೆ ಕೆಸರಿಗಿಳಿಯಬೇಡ. ಗದ್ದೆಯವರು ಬೈದರೆ ಬೈಯಲಿ.

ನಿನ್ನ ಮಗಳು
ಜಯಶ್ರೀ